ಅಂಕ, ಗಡಿಯಾರ ಮತ್ತು ಕವಿತೆ

ಕವಿತೆಗೆ ಅಂಕ ಕೊಡಬಹುದೇ ಎಂದು ಕೇಳಿದರೆ ನಮ್ಮ ಹಿರಿಯರಲ್ಲಿ ಹೆಚ್ಚಿನವರು ‘ಕೂಡದು’ ಎಂದೇ ಹೇಳುವರು. ಆದರೆ ಅದೇ ಹಿರಿಯರು ರಾಜ್ಯೋತ್ಸವದ ದಿನ ಮಕ್ಕಳ ಕಂಠಪಾಠ ಸ್ಪರ್ಧೆಗೆ ತೀರ್ಪುಗಾರರಾಗಿ ಕುಳಿತು, ಉಚ್ಚಾರಕ್ಕೆ ಇಷ್ಟು, ಹಾವಭಾವಕ್ಕೆ ಇಷ್ಟು, ನೆನಪಿನ ಶಕ್ತಿಗೆ ಇಷ್ಟು ಎಂದು ಅಂಕ ಹಾಕುವುದೂ ಉಂಟು. ಹೀಗಿರುವಾಗ ‘ಪೊಯೆಟ್ರಿ ಸ್ಲ್ಯಾಮ್’ ಎಂಬ ಕಾವ್ಯಸ್ಪರ್ಧೆಯನ್ನು ನಮ್ಮ ಸಂಘದಲ್ಲೂ ಏಕೆ ನಡೆಸಬಾರದೆಂದು ನಮ್ಮ ಹುಡುಗ ಹುಡುಗಿಯರು ಕೇಳಿದರೆ, ಅದನ್ನು ಪರದೇಶದ ಹುಚ್ಚೆಂದು ತಳ್ಳಿಹಾಕುವುದು ಸರಿಯಲ್ಲ; ಹೊಸದೆಂಬ ಒಂದೇ ಕಾರಣಕ್ಕೆ ಅಪ್ಪಿಕೊಳ್ಳುವುದೂ ಸರಿಯಲ್ಲ. ಅದರ ಹುಟ್ಟೇನು, ನಡೆಯೇನು, ಅದರಿಂದ ಎಳೆಯರಿಗೆ ಸಿಗುವುದೇನು ಎಂಬುದನ್ನು ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ.

ಸ್ಲ್ಯಾಮ್ ಹುಟ್ಟಿದ್ದು ಅಮೆರಿಕದ ಷಿಕಾಗೋ ನಗರದಲ್ಲಿ. ಅದನ್ನು ಆರಂಭಿಸಿದ ಮಾರ್ಕ್ ಸ್ಮಿತ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ. ಕಟ್ಟಡದ ಕೆಲಸ ಮಾಡಿಕೊಂಡಿದ್ದ ಮನುಷ್ಯ. 1984ರಲ್ಲಿ ‘ಗೆಟ್ ಮಿ ಹೈ’ ಎಂಬ ಸಣ್ಣ ಪಾನಗೃಹದಲ್ಲಿ ಆತ ಕವಿತಾವಾಚನವನ್ನು ಪ್ರಾರಂಭಿಸಿದ. 1986ರ ಜುಲೈ ತಿಂಗಳಿನಿಂದ ಅದು ‘ಗ್ರೀನ್ ಮಿಲ್’ ಎಂಬ ಇನ್ನೊಂದು ಪಾನಗೃಹದಲ್ಲಿ ಭಾನುವಾರ ಸಂಜೆಯ ಕಾರ್ಯಕ್ರಮವಾಯಿತು. 1989ರಲ್ಲಿ ನ್ಯೂಯಾರ್ಕಿನ ‘ನ್ಯೂಯೊರಿಕನ್ ಪೊಯೆಟ್ಸ್ ಕೆಫೆ’ಯಲ್ಲಿ ಸ್ಲ್ಯಾಮ್ ಕಾಲಿಟ್ಟಿತು, 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅಂದಿನ ಕವಿತಾವಾಚನಗಳ ವಿಷಯದಲ್ಲಿ ಸ್ಮಿತ್‌ಗೆ ಇದ್ದ ಅಸಮಾಧಾನ ನಮಗೆ ಹೊಸದೇನಲ್ಲ. ಕವಿಗಳೇ ಓದುವುದು, ಕವಿಗಳೇ ಕೇಳುವುದು, ಉಳಿದ ಜನ ಅತ್ತ ಸುಳಿಯದಿರುವುದು. ನಮ್ಮ ಕವಿಗೋಷ್ಠಿಗಳಲ್ಲಿ ತನ್ನ ಸರದಿ ಮುಗಿದ ಕವಿ ಕೈಚೀಲ ಎತ್ತಿಕೊಂಡು ಲೋಕಲ್ ಗಾಡಿಯ ವೇಳೆ ನೋಡುವುದನ್ನು ಕಂಡವರಿಗೆ ಆತನ ಸಂಕಟ ಚೆನ್ನಾಗಿ ಅರ್ಥವಾದೀತು.

ಸ್ಮಿತ್ ಹೂಡಿದ ಉಪಾಯ ಸರಳವಾದದ್ದು: ತೀರ್ಪನ್ನು ಕೇಳುಗರ ಕೈಗೆ ಕೊಡುವುದು. ಸಭಿಕರ ನಡುವಿನಿಂದ ಯಾರನ್ನೋ ಐವರನ್ನು ಆರಿಸಿ ಕೂರಿಸುತ್ತಾರೆ. ಅವರಿಗೆ ಸಾಹಿತ್ಯ ಗೊತ್ತಿರಲೇಬೇಕೆಂದಿಲ್ಲ. ಸ್ಪರ್ಧಿಗಳ ನೆಂಟರೋ ಸ್ನೇಹಿತರೋ ಆಗಿರಬಾರದು, ಅಷ್ಟೆ. ಪ್ರತಿಯೊಬ್ಬರೂ ಸೊನ್ನೆಯಿಂದ ಹತ್ತರವರೆಗೆ, ದಶಾಂಶ ಸಹಿತ, ಅಂಕ ಕೊಡಬೇಕು. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಕವಿತೆ ಓದುವವರ ಸ್ವಂತದ್ದೇ ಆಗಿರಬೇಕು. ಮೂರು ನಿಮಿಷದ ಅವಧಿ, ಮೇಲೆ ಹತ್ತು ಸೆಕೆಂಡು ರಿಯಾಯಿತಿ. ಅದನ್ನೂ ಮೀರಿದರೆ ಪ್ರತಿ ಹತ್ತು ಸೆಕೆಂಡಿಗೆ ಅರ್ಧ ಅಂಕ ಕಡಿತ. ವೇಷ ಕೂಡದು, ವಾದ್ಯ ಕೂಡದು, ಕೈಯಲ್ಲಿ ಆಟದ ಸಾಮಾನು ಕೂಡದು. ಮಾತು ಮತ್ತು ಮೈ, ಎರಡೇ ಬಂಡವಾಳ. ಕೇಳುಗರೂ ಸುಮ್ಮನಿರಬೇಕಾಗಿಲ್ಲ, ಚಿಟಿಕೆ ಹೊಡೆಯಬಹುದು, ನೆಲಕ್ಕೆ ಕಾಲು ಬಡಿಯಬಹುದು, ತೀರ್ಪು ಹಿಡಿಸದಿದ್ದರೆ ತೀರ್ಪುಗಾರರನ್ನೇ ಕೂಗಿ ಛೇಡಿಸಬಹುದು.

ಈ ನಿಯಮಗಳನ್ನು ವಿಜ್ಞಾನದ ತರಗತಿಯಲ್ಲಿ ಕುಳಿತವರ ಕಣ್ಣಿನಿಂದ ನೋಡುವುದು ಸ್ವಾರಸ್ಯಕರವಾಗಿದೆ. ಐವರು 7.2, 8.1, 8.3, 8.6, 9.8 ಎಂದು ಕೊಟ್ಟರೆನ್ನಿ. 7.2 ಮತ್ತು 9.8 ಹೋಗಿ ಉಳಿದುದರ ಮೊತ್ತ 25.0. ಯಾರೋ ಒಬ್ಬರ ಮುನಿಸಾಗಲಿ ಮೋಹವಾಗಲಿ ಫಲಿತಾಂಶವನ್ನು ಕೆಡಿಸದಂತೆ ಕಾಯುವ ಜಾಣ ಲೆಕ್ಕವಿದು. ಸ್ಪರ್ಧೆ ಆರಂಭವಾಗುವ ಮೊದಲು ಸ್ಪರ್ಧಿಯಲ್ಲದ ಒಬ್ಬ ಕವಿಯಿಂದ ಓದಿಸಿ, ತೀರ್ಪುಗಾರರು ಕೈ ಪಳಗಿಸಿಕೊಳ್ಳಲೆಂದು ಆ ಕವಿತೆಗೂ ಅಂಕ ಹಾಕಿಸುತ್ತಾರೆ. ಆ ಕವಿಗೆ ‘ಬಲಿಯ ಕವಿ’ ಎಂದೇ ಹೆಸರು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬ್ಯೂರೆಟ್ ಹಿಡಿದವರಿಗೆ ಮೊದಲ ಅಂದಾಜು ಅಳತೆಯ ನೆನಪಾಗಬಹುದು.

ಇಷ್ಟಾದರೂ ಉಪಕರಣ ನಿಖರವಾಗುವುದಿಲ್ಲ. ಸಂಜೆ ಕಳೆದಂತೆ ಅಂಕಗಳು ಏರುತ್ತ ಹೋಗುತ್ತವೆ. ಮೊದಲು ಓದಿದವರಿಗಿಂತ ಕೊನೆಗೆ ಓದಿದವರಿಗೆ ಲಾಭ ಹೆಚ್ಚು. ಸ್ಲ್ಯಾಮ್ ನಡೆಸುವವರಿಗೂ ಇದು ಗೊತ್ತು. ಅವರು ಇದಕ್ಕೆ ‘ಅಂಕದ ತೆವಳಿಕೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಕೊಠಡಿ ಬಿಸಿಯಾದಂತೆ ತಾನೂ ಮೇಲೇರುವ ಉಷ್ಣಮಾಪಕ ತಪ್ಪು ಮಾಡುತ್ತಿಲ್ಲ. ಅದು ಕೊಠಡಿಯ ಬಿಸಿಯನ್ನು ಸರಿಯಾಗಿಯೇ ತೋರಿಸುತ್ತಿದೆ. ಸ್ಲ್ಯಾಮಿನ ಅಂಕವೂ ಅಂಥದ್ದು. ಆ ಸಂಜೆ, ಆ ಸಭೆಯಲ್ಲಿ, ಆ ಮೂರು ನಿಮಿಷ ಜನ ಎಷ್ಟು ಕಾವೇರಿದರು ಎಂಬುದರ ಅಳತೆ ಅದು. ಕವಿತೆಯ ಅಳತೆಯೆಂದು ಅದನ್ನು ನಂಬಿದಾಗಲೇ ಅನರ್ಥಗಳು ಮೊದಲಾಗುವುದು.

ದೊಡ್ಡ ವಿಮರ್ಶಕರಿಂದ ಇದಕ್ಕೆ ಬಂದ ವಿರೋಧವೂ ದೊಡ್ಡದೇ. ಹೆರಾಲ್ಡ್ ಬ್ಲೂಮ್ 2000ರಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯ ಪುಟಗಳಲ್ಲಿ ಸ್ಲ್ಯಾಮನ್ನು ಕಲೆಯ ಮರಣವೆಂದೇ ಕರೆದರು. ಚಪ್ಪಾಳೆಯೇ ಪ್ರಮಾಣವಾದಲ್ಲಿ ಕಾವ್ಯಕ್ಕೆ ಉಳಿಗಾಲವಿಲ್ಲವೆಂಬುದು ಆ ಮಾತಿನ ಹಿಂದಿನ ಆತಂಕ. ಆದರೆ ಮರಣದ ತೀರ್ಪು ಅವಸರದ್ದೆಂದು ನನಗೆ ತೋರುತ್ತದೆ. ಪೆಟ್ರೀಷಿಯಾ ಸ್ಮಿತ್ ಎಂಬ ಷಿಕಾಗೋದ ಕವಯಿತ್ರಿ ರಾಷ್ಟ್ರೀಯ ಸ್ಲ್ಯಾಮಿನ ವೈಯಕ್ತಿಕ ವಿಭಾಗದಲ್ಲಿ ನಾಲ್ಕು ಬಾರಿ ಗೆದ್ದವರು. ಕತ್ರೀನಾ ಚಂಡಮಾರುತವನ್ನು ಕುರಿತ ಅವರ ‘ಬ್ಲಡ್ ಡ್ಯಾಜ್ಲರ್’ ಸಂಕಲನ 2008ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಗೆ ಬಂದಿತು. ವೇದಿಕೆಯ ಮೇಲೆ ನಿಂತು ಕಲಿತ ಉಸಿರನ್ನು ಕಾಗದದ ಮೇಲೂ ಹಿಡಿದಿಡಲು ಸಾಧ್ಯವೆಂಬುದಕ್ಕೆ ಈ ಒಂದು ಉದಾಹರಣೆ ಸಾಕು.

ಬ್ಲೂಮ್ ಹೇಳಿದ್ದು ಅತಿಯಾಯಿತೆಂದ ಮಾತ್ರಕ್ಕೆ ಸ್ಲ್ಯಾಮಿನಲ್ಲಿ ದೋಷವಿಲ್ಲವೆಂದಾಗುವುದಿಲ್ಲ. ಮೂರು ಮುಖ್ಯ ದೋಷಗಳಿವೆ. ಮೊದಲನೆಯದು ಏಕತಾನತೆ. ಗೆದ್ದವರ ಧಾಟಿಯನ್ನು ಉಳಿದವರು ಹಿಡಿಯುತ್ತಾರೆ. ಮೆಲ್ಲನೆ ಆರಂಭ, ನಡುವೆ ಓಟ, ಕೊನೆಗೆ ಧ್ವನಿ ತಗ್ಗಿಸಿ ಒಂದು ಪೆಟ್ಟಿನ ಸಾಲು. ಇಷ್ಟನ್ನು ಕಲಿತರೆ ಸಾಧಾರಣ ಕವಿತೆಯೂ ದಡ ಸೇರುತ್ತದೆ. ಎರಡನೆಯದು, ಮೌನದ ಕವಿತೆಗೆ ಇಲ್ಲಿ ಎಡೆಯಿಲ್ಲ. ಮನೆಗೆ ಹೋಗಿ ಇನ್ನೊಮ್ಮೆ ಓದಿದಾಗ ಮಾತ್ರ ತೆರೆದುಕೊಳ್ಳುವ ಪದ್ಯಕ್ಕೆ ಮೂರು ನಿಮಿಷದ ಗಡಿಯಾರ ಕಾಯುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ತನ್ನ ಬಾಳಿನ ಗಾಯವನ್ನು ಬಿಚ್ಚಿ ತೋರಿಸಿದವನಿಗೆ ಅಂಕ ಬರುವುದನ್ನು ಎಳೆಯರು ಬೇಗ ಗ್ರಹಿಸುತ್ತಾರೆ. ತಂದೆಯ ಕುಡಿತ, ತಾಯಿಯ ಸಾವು, ತನಗಾದ ಅಪಮಾನ, ಇವಕ್ಕೆ 9.6 ಬಂದರೆ ಸಂತೋಷಪಡಬೇಕೋ? 7.1 ಬಂದರೆ ಆ ಹುಡುಗಿ ತನ್ನ ದುಃಖ ಸಾಲದಾಯಿತೆಂದು ತಿಳಿಯಬೇಕೋ?

ಈ ಪ್ರಶ್ನೆಗೆ ಉತ್ತರವನ್ನು ವೇದಿಕೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅದರ ಹಿಂದಿನ ಕೋಣೆಯಲ್ಲಿ ಹುಡುಕಬೇಕು. ಸ್ಲ್ಯಾಮನ್ನು ಎಳೆಯರ ಬಳಿಗೆ ಒಯ್ದವರು ಸ್ಪರ್ಧೆಯೊಂದನ್ನೇ ಒಯ್ಯಲಿಲ್ಲ. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಯೂತ್ ಸ್ಪೀಕ್ಸ್’ ಎಂಬ ಸಂಸ್ಥೆ ಹದಿಹರೆಯದವರಿಗಾಗಿ ಬರವಣಿಗೆಯ ಕಮ್ಮಟಗಳೊಂದಿಗೆ ಹುಟ್ಟಿತು. 1998ರಿಂದ ‘ಬ್ರೇವ್ ನ್ಯೂ ವಾಯ್ಸಸ್’ ಎಂಬ ಯುವಜನರ ರಾಷ್ಟ್ರೀಯ ಕಾವ್ಯೋತ್ಸವ ನಡೆಯತೊಡಗಿತು. ಷಿಕಾಗೋದಲ್ಲಿ ‘ಯಂಗ್ ಷಿಕಾಗೋ ಆಥರ್ಸ್’ ಸಂಸ್ಥೆಯ ಆಶ್ರಯದಲ್ಲಿ 2001ರಲ್ಲಿ ‘ಲೌಡರ್ ದ್ಯಾನ್ ಎ ಬಾಂಬ್’ ಎಂಬ ಶಾಲಾ ತಂಡಗಳ ಸ್ಪರ್ಧೆ ಮೊದಲಾಯಿತು. ಅದರ ಹೆಸರನ್ನೇ ಹೊತ್ತ ಸಾಕ್ಷ್ಯಚಿತ್ರವೊಂದು 2010ರಲ್ಲಿ ಬಂದಿದೆ. ನಿರ್ದೇಶಕರು ಗ್ರೆಗ್ ಜೇಕಬ್ಸ್ ಮತ್ತು ಜಾನ್ ಸಿಸ್ಕೆಲ್. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಅದನ್ನು ಅವಶ್ಯ ನೋಡಬೇಕು.

ಅರುವತ್ತಕ್ಕೂ ಹೆಚ್ಚು ಶಾಲೆಗಳ ಆರುನೂರಕ್ಕೂ ಮೀರಿದ ಮಕ್ಕಳು ಸೇರುವ ಆ ಸ್ಪರ್ಧೆಗೆ ಕೆಲವು ತಂಡಗಳು ಹೇಗೆ ಸಿದ್ಧವಾಗುತ್ತವೆಂಬುದೇ ಚಿತ್ರದ ವಸ್ತು. ಗೆಲುವು ಸೋಲುಗಳಿಗಿಂತ ಚಿತ್ರದ ಹೆಚ್ಚಿನ ಕಾಲ ಹೋಗುವುದು ತಿಂಗಳುಗಟ್ಟಲೆಯ ತಯಾರಿಗೆ. ಅಲ್ಲಿ ಒಬ್ಬೊಬ್ಬರ ಕವಿತೆಯ ಜೊತೆಗೆ ಇಡೀ ತಂಡ ಕೂಡಿ ಬರೆದು ಕೂಡಿ ಹೇಳುವ ಕವಿತೆಯೂ ಒಂದಿರಬೇಕು. ಈ ಸಾಮೂಹಿಕ ಕವಿತೆಯ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾಯಿತು. ನಾಲ್ವರು ಒಂದೇ ಉಸಿರಿನಲ್ಲಿ ಒಂದು ಸಾಲು ಹೇಳಬೇಕಾದರೆ ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳಲೇಬೇಕು. ತನ್ನ ಒಳ್ಳೆಯ ಸಾಲನ್ನು ಇನ್ನೊಬ್ಬನ ಬಾಯಿಗೆ ಬಿಟ್ಟುಕೊಡಬೇಕು. ಚಿತ್ರದಲ್ಲಿ ಕಾಣುವ ನೇಟ್ ಮಾರ್ಷಲ್ ಎಂಬ ಹುಡುಗ ಮುಂದೆ ಕವಿಯಾಗಿ ಬೆಳೆದ. ಆತನ ‘ವೈಲ್ಡ್ ಹಂಡ್ರೆಡ್ಸ್’ ಸಂಕಲನ 2015ರಲ್ಲಿ ಪ್ರಕಟವಾಯಿತು. ಆದರೆ ಎಲ್ಲರೂ ಕವಿಗಳಾದರೇ ಎಂದು ಕೇಳುವುದು ಸರಿಯಾದ ಪ್ರಶ್ನೆಯಲ್ಲ. ಗಣಿತ ಕಲಿತ ಎಲ್ಲರೂ ರಾಮಾನುಜನ್ನರಾಗುವುದಿಲ್ಲ.

ಇಂಥ ಕಮ್ಮಟದಲ್ಲಿ ನಡೆಯುವುದೇನು? ಮಾರ್ಗದರ್ಶಕರು ಒಂದು ಸಣ್ಣ ಎಳೆ ಕೊಡುತ್ತಾರೆ: ನಿನ್ನ ಓಣಿಯ ವಾಸನೆ, ಅಜ್ಜಿಯ ಕೈ, ಮನೆಯಲ್ಲಿ ಯಾರೂ ಹೇಳದ ಮಾತು. ಹತ್ತು ನಿಮಿಷ ಎಲ್ಲರೂ ತಲೆಯೆತ್ತದೆ ಬರೆಯುತ್ತಾರೆ. ಅನಂತರ ಓದುತ್ತಾರೆ. ಕೇಳಿದವರು ಮೊದಲು ಹಿಡಿಸಿದ ಸಾಲನ್ನು ಹೇಳಬೇಕು, ಬಳಿಕ ಅರ್ಥವಾಗದ ಕಡೆಯನ್ನು ಹೇಳಬೇಕು. ಬರೆದವರು ತಿದ್ದುತ್ತಾರೆ, ಮತ್ತೆ ತಿದ್ದುತ್ತಾರೆ. ಕೊನೆಗೆ ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ನಿಲ್ಲಬೇಕು, ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಹೇಗೆ ಕೇಳಿಸಬೇಕು ಎಂಬ ಅಭ್ಯಾಸ. ಗಾಯದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ದುಃಖವನ್ನು ಏಳು ಸಲ ತಿದ್ದಿ ಬರೆದ ಹುಡುಗಿಗೆ ಅದು ಬರಿಯ ದುಃಖವಾಗಿ ಉಳಿದಿರುವುದಿಲ್ಲ. ಅವಳ ಕೈಯ ಕೆಲಸವಾಗಿರುತ್ತದೆ. ಆ ಮೇಲೆ ಬಂದ ಅಂಕ ಆ ಕೆಲಸಕ್ಕೆ ಬಂದದ್ದೇ ಹೊರತು ಅವಳ ಬಾಳಿಗಲ್ಲ. ಕಮ್ಮಟವಿಲ್ಲದೆ ನೇರವಾಗಿ ವೇದಿಕೆ ಹತ್ತಿಸಿದರೆ ಈ ರಕ್ಷಣೆ ಇಲ್ಲದಾಗುತ್ತದೆ.

ಕಮ್ಮಟವೂ ತನ್ನಷ್ಟಕ್ಕೆ ಸುರಕ್ಷಿತವೆಂದು ತಿಳಿಯಬಾರದು. 2021ರಲ್ಲಿ ಅದೇ ಷಿಕಾಗೋ ಸಂಸ್ಥೆಯಲ್ಲಿ, ಲೈಂಗಿಕ ದುರ್ವರ್ತನೆಯ ದೂರುಗಳನ್ನು ಸರಿಯಾಗಿ ನಿರ್ವಹಿಸಲಿಲ್ಲವೆಂಬ ಆಕ್ಷೇಪ ಬಹಿರಂಗವಾಗಿ ಬಂದು, ಸಂಸ್ಥೆಯ ಮುಖ್ಯಸ್ಥರು ಹೊರಹೋಗಬೇಕಾಯಿತು. ಉತ್ಸವದ ಹೆಸರೂ ಬದಲಾಗಿ ‘ರೂಟೆಡ್ ಅಂಡ್ ರ‍್ಯಾಡಿಕಲ್’ ಎಂದಾಯಿತು. ಎಳೆಯರು ತಮ್ಮ ಅಂತರಂಗವನ್ನು ಬಿಚ್ಚಿಡುವ ಜಾಗಕ್ಕೆ ಕಾವಲೂ ಬೇಕು, ದೂರು ಹೇಳಿಕೊಳ್ಳಲು ದಾರಿಯೂ ಬೇಕು ಎಂಬ ಪಾಠವನ್ನು ನಾವು ಪರರ ಅನುಭವದಿಂದಲೇ ಕಲಿಯುವುದು ಮೇಲು.

ಇನ್ನು ನಮ್ಮ ಕಡೆಗೆ ಬರೋಣ. ಪದ್ಯದಲ್ಲಿ ಸೆಣಸುವುದು ಕನ್ನಡಿಗರಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು ಜವಾಬು ಹಾಡುತ್ತವೆ. ಒಂದು ಮೇಳ ಪುರುಷ ಹೆಚ್ಚೆಂದು ವಾದಿಸಿದರೆ ಇನ್ನೊಂದು ಸ್ತ್ರೀ ಹೆಚ್ಚೆಂದು ವಾದಿಸುತ್ತದೆ. ಕಲ್ಗಿ ತುರಾ ಎಂಬ ಈ ಪಂಥಗಳು ಮರಾಠಿ ಶಾಹಿರರಲ್ಲೂ ಇರುವುದನ್ನು ಮಹಾರಾಷ್ಟ್ರದಲ್ಲಿರುವ ಕನ್ನಡಿಗರು ಬಲ್ಲರು. ಕರಾವಳಿಯವರು ತಮ್ಮೊಡನೆ ಮುಂಬಯಿಗೂ ತಂದ ತಾಳಮದ್ದಳೆಯನ್ನು ನೋಡಿ. ಅಲ್ಲಿ ಸ್ಲ್ಯಾಮಿನಂತೆಯೇ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯದ ಮೇಲೆ ಅರ್ಥಧಾರಿ ಕುಳಿತಲ್ಲೇ, ಆ ಕ್ಷಣಕ್ಕೆ ಹೊಳೆದಂತೆ ಮಾತು ಕಟ್ಟಬೇಕು, ಎದುರಾಳಿಯ ಮಾತಿಗೆ ಮಾತು ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗ ಅವರಂಥವರಿಗೆ ಯಾರೂ ದಶಾಂಶದಲ್ಲಿ ಅಂಕ ಹಾಕಲಿಲ್ಲ. ಆದರೂ ಯಾವ ರಾತ್ರಿ ಯಾರ ಕೈ ಮೇಲಾಯಿತೆಂದು ಕೇಳಿದವರು ವರ್ಷಗಟ್ಟಲೆ ಮಾತಾಡಿಕೊಂಡರು. ಗಮಕದಲ್ಲಿ ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇನ್ನು ಎಪ್ಪತ್ತರ ದಶಕದಲ್ಲಿ ಸಿದ್ಧಲಿಂಗಯ್ಯನವರ ಕವಿತೆಗಳು ಮೆರವಣಿಗೆಗಳಲ್ಲಿ, ಬೀದಿಗಳಲ್ಲಿ ಹಾಡಾಗಿ ಹಬ್ಬಿದ್ದನ್ನು ಕಂಡ ನಾಡಿಗೆ, ಕವಿತೆ ಪುಸ್ತಕದ ಹೊರಗೂ ಬದುಕಬಲ್ಲದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಪರಂಪರೆಗಳಲ್ಲೆಲ್ಲ ಸಮಾನವಾಗಿ ಕಾಣುವ ಅಂಶ ಯಾವುದು? ಸೆಣಸಾಟದ ಹಿಂದೆ ಕಲಿಕೆಯಿದೆ. ಹರದೇಶಿ ಹಾಡುಗಾರನಿಗೆ ಗುರುವಿದ್ದಾನೆ, ಮೇಳವಿದೆ. ಅರ್ಥಧಾರಿಗೆ ಪುರಾಣದ ಓದಿದೆ, ಹಿರಿಯರ ಪಕ್ಕದಲ್ಲಿ ಸಣ್ಣ ಪಾತ್ರ ವಹಿಸಿ ಪಳಗಿದ ವರ್ಷಗಳಿವೆ. ನಾವು ಹೊರನಾಡಿನಲ್ಲಿ ಉಳಿಸಿಕೊಂಡಿರುವ ಕಂಠಪಾಠ ಸ್ಪರ್ಧೆಯಲ್ಲಿ ಮಾತ್ರ ಸೆಣಸಾಟ ಉಳಿದು ಕಲಿಕೆ ಬಿದ್ದುಹೋಗಿದೆ. ಮಗು ಅರ್ಥವಾಗದ ಪದ್ಯವನ್ನು ತಾಯಿಯ ಮೊಬೈಲಿನಿಂದ ಕೇಳಿ, ಇಂಗ್ಲಿಷ್ ಇಲ್ಲವೇ ದೇವನಾಗರಿ ಅಕ್ಷರಗಳಲ್ಲಿ ಬರೆದುಕೊಂಡು, ಒಪ್ಪಿಸಿ, ಬಹುಮಾನದ ಡಬ್ಬಿ ಹಿಡಿದು ಮನೆಗೆ ಹೋಗುತ್ತದೆ. ಮರುದಿನದಿಂದ ಅದರ ಬಾಳಿನಲ್ಲಿ ಕನ್ನಡ ಮತ್ತೆ ‘ಊಟಕ್ಕೆ ಬಾ’, ‘ಅಜ್ಜಿಗೆ ಫೋನ್ ಮಾಡು’ ಎಂಬಷ್ಟಕ್ಕೆ ಇಳಿಯುತ್ತದೆ.

ಇಲ್ಲಿ ಸ್ಲ್ಯಾಮಿನ ಒಂದು ನಿಯಮ ನಮಗೆ ಬಹು ಮುಖ್ಯ: ಕವಿತೆ ಸ್ವಂತದ್ದಾಗಿರಬೇಕು. ಮುಂಬಯಿಯಲ್ಲೋ ಪುಣೆಯಲ್ಲೋ ದೆಹಲಿಯಲ್ಲೋ ಬೆಳೆಯುವ ಹುಡುಗನ ಕನ್ನಡ ಪಠ್ಯಪುಸ್ತಕದ ಕನ್ನಡವಲ್ಲ. ಅದು ಮನೆಯ ಕುಂದಾಪುರದ್ದೋ ಧಾರವಾಡದ್ದೋ ಕೋಲಾರದ್ದೋ ಆಗಿರುತ್ತದೆ. ಅದರ ಮೇಲೆ ಓಣಿಯ ಹಿಂದಿ, ಶಾಲೆಯ ಇಂಗ್ಲಿಷ್, ನೆರೆಮನೆಯ ಮರಾಠಿ ಕುಳಿತಿರುತ್ತವೆ. ಕಂಠಪಾಠದ ವೇದಿಕೆಯಲ್ಲಿ ಆ ನುಡಿಗೆ ಪ್ರವೇಶವಿಲ್ಲ. ಉಚ್ಚಾರ ತಪ್ಪೆಂದು ಅಂಕ ಕಡಿತವಾಗುತ್ತದೆ. ಸ್ವಂತ ಕವಿತೆಯ ವೇದಿಕೆಯಲ್ಲಿ ಅದೇ ನುಡಿ ಬಂಡವಾಳವಾಗುತ್ತದೆ. ತಂದೆತಾಯಿಗೆ ಉತ್ತರ ಕೊಡಲಷ್ಟೇ ಬಳಸಿದ ಭಾಷೆಯಲ್ಲಿ, ಯಾರೂ ಕೇಳದಿದ್ದರೂ ತಾನಾಗಿ ಹೇಳಬೇಕೆನಿಸಿದ ಒಂದು ಮಾತನ್ನು ನೂರು ಜನರೆದುರು ಹೇಳಿದ ಹುಡುಗಿ ಆ ಭಾಷೆಯನ್ನು ಅಷ್ಟು ಸುಲಭವಾಗಿ ಕೈಬಿಡಲಾರಳು. ನಮ್ಮಂಥ ಸಂಘಗಳಿಗೆ ಇದಕ್ಕಿಂತ ಜರೂರಾದ ಕೆಲಸ ಇನ್ನೊಂದಿಲ್ಲ.

ಒಂದು ಆಕ್ಷೇಪ ಬರಬಹುದು. ಬಾಯಿಮಾತಿನಲ್ಲೇ ಕವಿತೆ ಆಗುವುದಾದರೆ ಮಕ್ಕಳು ಲಿಪಿಯನ್ನು ಏಕೆ ಕಲಿತಾರು? ಆಕ್ಷೇಪ ಸಾಧುವಾದದ್ದೇ. ಆದ್ದರಿಂದಲೇ ಕಮ್ಮಟ ಅಗತ್ಯ. ಮೊದಲ ಕರಡು ಯಾವ ಅಕ್ಷರದಲ್ಲಾದರೂ ಇರಲಿ. ತಿದ್ದಿದ ಕೊನೆಯ ಪ್ರತಿ ಕನ್ನಡ ಅಕ್ಷರದಲ್ಲಿರಲಿ, ಬೇಕಾದರೆ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಬರೆಸಲಿ. ಪರರ ವಾಕ್ಯಗಳನ್ನು ಕಾಪಿ ತೆಗೆದು ‘ಅಆಇಈ’ ಕಲಿಯುವುದಕ್ಕೂ ತನ್ನದೇ ಹದಿನೈದು ಸಾಲು ಬರೆಯಲು ಕಲಿಯುವುದಕ್ಕೂ ಹುರುಪಿನಲ್ಲಿ ಬಹಳ ವ್ಯತ್ಯಾಸವಿದೆ. ಕಮ್ಮಟದ ಪ್ರತಿ ದಿನವೂ ಒಬ್ಬ ಕನ್ನಡ ಕವಿಯ ಒಂದು ಕವಿತೆಯನ್ನು ಕೂಡಿ ಓದುವ ಪದ್ಧತಿಯಿದ್ದರೆ ಏಕತಾನತೆಯ ದೋಷಕ್ಕೂ ಅದು ಮದ್ದಾದೀತು. ಕಿವಿಗೆ ಹತ್ತು ಧಾಟಿ ಬಿದ್ದವನು ಒಂದೇ ಧಾಟಿಗೆ ಅಂಟಿಕೊಳ್ಳುವುದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಬೇಕಾಗದು. ಸಂಘದ ಕೋಣೆ, ಎಂಟು ಭಾನುವಾರಗಳು, ಹನ್ನೆರಡು ಹದಿನೈದು ಮಕ್ಕಳು, ಇಬ್ಬರು ಮಾರ್ಗದರ್ಶಕರು. ಒಬ್ಬರೇ ಬೇಡ, ಇಬ್ಬರಿರಲಿ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲಿ, ಬಾಗಿಲು ತೆರೆದೇ ಇರಲಿ. ಮಕ್ಕಳು ಹೇಳಿದ ಮನೆಯ ಮಾತು ಕೋಣೆಯಿಂದಾಚೆ ಹೋಗಬಾರದು. ಆದರೆ ಮಗುವಿಗೆ ಅಪಾಯವಿದೆಯೆಂದು ತಿಳಿದರೆ ಸುಮ್ಮನಿರಲೂ ಬಾರದು. ಯಾವ ಕವಿತೆಯನ್ನು ಎಲ್ಲರೆದುರು ಓದಬೇಕು, ಯಾವುದನ್ನು ನೋಟುಬುಕ್ಕಿನಲ್ಲೇ ಇಟ್ಟುಕೊಳ್ಳಬೇಕು ಎಂಬ ನಿರ್ಧಾರ ಮಗುವಿನದೇ. ವೀಡಿಯೋ ತೆಗೆದು ಊರಿಗೆಲ್ಲ ಹಂಚುವ ಉತ್ಸಾಹವನ್ನು ಮಗು ಮತ್ತು ಪಾಲಕರು ಒಪ್ಪುವವರೆಗೆ ತಡೆದುಕೊಳ್ಳೋಣ. ಕೊನೆಯ ಸಂಜೆ ಸ್ಲ್ಯಾಮ್ ಇರಲಿ. ಅಂಕವೂ ಇರಲಿ, ಏಕೆಂದರೆ ಅಂಕವಿಲ್ಲದಿದ್ದರೆ ಅರ್ಧ ಜನ ಬರುವುದಿಲ್ಲ. ಆದರೆ ತೀರ್ಪುಗಾರರು ಕಾರ್ಯಕಾರಿ ಸಮಿತಿಯವರಾಗುವುದು ಬೇಡ. ಎರಡನೆಯ ಸಾಲಿನಲ್ಲಿ ಕುಳಿತ ಅಜ್ಜಿ, ಕಾಫಿ ಹಂಚಲು ಬಂದ ಹುಡುಗ, ಕನ್ನಡ ಅರ್ಧ ಮಾತ್ರ ತಿಳಿದ ಸೊಸೆ, ಇಂಥವರು ಕೂರಲಿ. ಅಂಕ ಹಲಗೆಯ ಮೇಲೆ ಬಂದು ಅಲ್ಲೇ ಅಳಿಸಿಹೋಗಲಿ. ಪತ್ರಿಕೆಯಲ್ಲಿ ಅಚ್ಚಾಗಬೇಕಾದದ್ದು ಗೆದ್ದವರ ಪಟ್ಟಿಯಲ್ಲ, ಎಲ್ಲ ಮಕ್ಕಳ ಕವಿತೆಗಳು, ಕನ್ನಡ ಅಕ್ಷರಗಳಲ್ಲಿ.

ಒಟ್ಟಿನಲ್ಲಿ ಸ್ಲ್ಯಾಮನ್ನು ಕುರಿತು ನನ್ನ ಅಭಿಪ್ರಾಯ ಇಷ್ಟು. ಜನರನ್ನು ಕರೆತರುವ ಉಪಾಯವಾಗಿ ಅದು ಒಳ್ಳೆಯದು, ಕವಿತೆಯನ್ನು ತೂಗುವ ತಕ್ಕಡಿಯಾಗಿ ಕೆಟ್ಟದ್ದು. ಎಂಟು ಭಾನುವಾರಗಳ ಕೆಲಸಕ್ಕೆ ನಮ್ಮಲ್ಲಿ ಪುರುಸೊತ್ತಿಲ್ಲವೆಂದಾದರೆ ಒಂದು ಸಂಜೆಯ ಸ್ಲ್ಯಾಮೂ ಬೇಡ. ಅದು ಹೊಸ ಹೆಸರಿನ ಕಂಠಪಾಠವಾದೀತು, ಜೊತೆಗೆ ಎಳೆಯ ಮನಸ್ಸುಗಳನ್ನು ನೋಯಿಸೀತು. ಪುರುಸೊತ್ತು ಮಾಡಿಕೊಳ್ಳುವುದಾದರೆ ಬರುವ ನವೆಂಬರಿಗೆ ಕಾಯಬೇಕಾಗಿಲ್ಲ. ಶಾಲೆಗಳ ಪರೀಕ್ಷೆ ಮುಗಿದ ಮೊದಲ ಭಾನುವಾರವೇ ಆರಂಭಿಸಬಹುದು.